‘ರೋಮಾ’ ನೋಡಿ ಅಜ್ಜಿಮನೆಯ ಸಿನಿಮಾಕ್ಕೆ ಹೊರಟವರಿಗೆ

ಪ್ರಶ್ನೆ: ನಾವು ನಾಲ್ವರು ಗೆಳೆಯರು 18 ನಿಮಿಷದ ಕಿರುಚಿತ್ರ ಮಾಡುತ್ತಿದ್ದೇವೆ. ಪುತ್ತೂರಿನ ಹತ್ತಿರ ನಮ್ಮ ಅಜ್ಜಿಮನೆಯಲ್ಲಿ 30 ವರ್ಷ ಕೆಲಸಕ್ಕಿದ್ದ, ನನ್ನನ್ನು ಎತ್ತಿ ಆಡಿಸಿದ ಹೆಂಗಸಿನ ಕಥೆ. ಆಕೆಯ ಮಾತು ತುಳು, ಮನೆಯವರದು ಕನ್ನಡ. ಮೆಕ್ಸಿಕೋದ ‘ರೋಮಾ’ ಮೂರು ಸಲ ನೋಡಿದ ಮೇಲೆ ಹುಟ್ಟಿದ ಯೋಚನೆ ಇದು. ನಮ್ಮಲ್ಲಿರುವುದು ಎಪಿಎಸ್-ಸಿ ಸೆನ್ಸರಿನ ಮಿರರ್‌ಲೆಸ್ ಕ್ಯಾಮೆರಾ, 6 ದಿನ, ಎರಡೂವರೆ ಲಕ್ಷ ರೂಪಾಯಿ. ಗೆಳೆಯರು ಹೇಳುವುದೇನೆಂದರೆ: ‘ರೋಮಾ’ವನ್ನು ಕಪ್ಪು-ಬಿಳುಪು ಫಿಲ್ಮಿನಲ್ಲೇ ತೆಗೆದದ್ದು, ಆದ್ದರಿಂದ ನಾವೂ ಕ್ಯಾಮೆರಾದ ಮೋನೋಕ್ರೋಮ್ ಮೋಡಿನಲ್ಲೇ ತೆಗೆಯಬೇಕು. ಅದಕ್ಕೆ ಚಿತ್ರಕಥೆಯೇ ಇರಲಿಲ್ಲ. ಹಿನ್ನೆಲೆ ಸಂಗೀತವಿಲ್ಲ, ಹಾಗಾಗಿ ಸೌಂಡಿಗೆ ಖರ್ಚಿಲ್ಲ. ನಿರ್ದೇಶಕನೇ ಕ್ಯಾಮೆರಾ ಹಿಡಿದ, ನೀನೂ ಹಿಡಿ. ಕೊನೆಯ ಸಮುದ್ರದ ದೃಶ್ಯ ಒಂದೇ ಶಾಟ್, ನಟಿಗೆ ಈಜು ಬಾರದಿದ್ದರೂ ನಡೆದಿದೆ, ನಾವೂ ಮಂಗಳೂರಿನ ಬಳಿಯ ಸೋಮೇಶ್ವರ ಕಡಲತೀರದಲ್ಲಿ ಹಾಗೇ ಮಾಡೋಣ. ಇದರಲ್ಲಿ ಎಷ್ಟು ನಿಜ? ನಮಗೆ ಯಾವುದು ದಕ್ಕುತ್ತದೆ? ತುಳು ಮಾತಿಗೆ ಸಬ್‌ಟೈಟಲ್ ಹೇಗೆ ಹಾಕಬೇಕು?

ಉತ್ತರ: ನೀವು ಕೇಳಿರುವುದು ಹಲವು, ಒಳಗಿನ ಅಳುಕು ಮಾತ್ರ ಒಂದೇ. ಅಷ್ಟು ದೊಡ್ಡ ಸಿನಿಮಾ ನೋಡಿ ಮರುಳಾಗಿದ್ದೀರಿ, ನಿಮ್ಮದು ಅದರ ನಕಲಾಗಿ ಕಾಣುತ್ತದೋ ಏನೋ ಎಂಬ ಅಳುಕು. ಗೆಳೆಯರ ಮಾತುಗಳಲ್ಲಿ ಹೆಚ್ಚಿನವು ಅರ್ಧ ಸತ್ಯ. ಮೊದಲನೆಯದು ಪೂರ್ತಿ ತಪ್ಪು. ಅದನ್ನೇ ಮೊದಲು ನೋಡೋಣ, ಯಾಕೆಂದರೆ ಅದನ್ನು ಶೂಟಿಂಗ್ ಮುಗಿದ ಮೇಲೆ ಸರಿಪಡಿಸಲು ಬರುವುದಿಲ್ಲ.

‘ರೋಮಾ’ ಫಿಲ್ಮಿನಲ್ಲಿ ತೆಗೆದದ್ದಲ್ಲ, ಕಪ್ಪು-ಬಿಳುಪಿನಲ್ಲಿ ತೆಗೆದದ್ದೂ ಅಲ್ಲ. ಆರಿ ಅಲೆಕ್ಸಾ 65 ಎಂಬ ಡಿಜಿಟಲ್ ಕ್ಯಾಮೆರಾದಲ್ಲಿ ಬಣ್ಣದಲ್ಲೇ ತೆಗೆದು, ಆಮೇಲೆ ಬಣ್ಣ ತಿದ್ದುವ ಗ್ರೇಡಿಂಗ್ ಕೋಣೆಯಲ್ಲಿ ಬಣ್ಣ ಕಳೆದರು. 2018ರಲ್ಲಿ ಕೆಲವು ಚಿತ್ರಮಂದಿರಗಳಿಗೆ 70 ಎಂಎಂ ಫಿಲ್ಮ್ ಪ್ರಿಂಟುಗಳೂ ಹೋಗಿದ್ದವು. ಫಿಲ್ಮಿನಲ್ಲಿ ತೆಗೆದದ್ದು ಎಂಬ ಸುದ್ದಿ ಹಬ್ಬಿದ್ದು ಬಹುಶಃ ಅಲ್ಲಿಂದ. ನಿರ್ದೇಶಕ ಅಲ್ಫೋನ್ಸೊ ಕ್ವಾರೋನ್ ಅವರಿಗೆ ಹಳೇ ಸಿನಿಮಾದ ನೋಟ ಬೇಕಿರಲಿಲ್ಲ. ಕಥೆ ನಡೆಯುವುದು 1970-71ರ ಮೆಕ್ಸಿಕೋ ಸಿಟಿಯಲ್ಲಾದರೂ ಚಿತ್ರದಲ್ಲಿ ಗ್ರೇನ್ (ಹಳೇ ಫಿಲ್ಮಿನ ಕಾಳುಕಾಳು ನೋಟ) ಇಲ್ಲ, ಗೀರಿಲ್ಲ, ಕಡುಗಪ್ಪು ನೆರಳಿಲ್ಲ. ನುಣುಪಾದ ಬೂದು ಛಾಯೆಗಳು, ಮೂಲೆಯಿಂದ ಮೂಲೆಗೆ ಸ್ಪಷ್ಟ. ಎಡಿಟಿಂಗ್ ಮೇಜಿನಲ್ಲಿ ‘ಫಿಲ್ಮ್ ಗ್ರೇನ್’ ಎಂಬ ಬಟನ್ ಒತ್ತಿದರೆ ‘ರೋಮಾ’ಕ್ಕೆ ತೀರಾ ಉಲ್ಟಾ ದಿಕ್ಕಿಗೆ ಹೋಗುತ್ತೀರಿ.

ಬಣ್ಣದಲ್ಲಿ ತೆಗೆಯುವುದೇಕೆ? ಒಂದು ಲೆಕ್ಕ ನೋಡಿ. ವಿಡಿಯೋದಲ್ಲಿ ಬಣ್ಣವನ್ನು ಸುಮ್ಮನೆ ಶೂನ್ಯಕ್ಕಿಳಿಸಿದರೆ ಸಾಮಾನ್ಯವಾಗಿ ಕೆಂಪಿನ ಶೇ. 21, ಹಸಿರಿನ ಶೇ. 72, ನೀಲಿಯ ಶೇ. 7 ಸೇರಿ ಬೂದು ಆಗುತ್ತದೆ. ಆಕೆ ಕೆಂಪು ರವಿಕೆ ತೊಟ್ಟು ಅಡಿಕೆ ತೋಟದ ಮುಂದೆ ನಿಂತಿದ್ದಾಳೆ ಅಂದುಕೊಳ್ಳಿ. ರವಿಕೆಯ ಕೆಂಪು-ಹಸಿರು-ನೀಲಿ ಅಂಕೆಗಳು (0ಯಿಂದ 255ರೊಳಗೆ) 200, 30, 30. ತೋಟದ ಕಡುಹಸಿರಿನದು 30, 80, 30. ಗುಣಿಸಿ ಕೂಡಿದರೆ ಎರಡೂ 66! ಕಣ್ಣಿಗೆ ರಾಚುವಂತಿದ್ದ ರವಿಕೆ ತೋಟದಲ್ಲಿ ಕರಗಿಹೋಯಿತು. ಬಣ್ಣದ ಫೈಲ್ ಕೈಯಲ್ಲಿದ್ದರೆ, ಎಡಿಟಿಂಗಿನಲ್ಲಿ ಮೂರು ಬಣ್ಣಗಳ ಪಾಲು ಬದಲಿಸುವ ಚಾನೆಲ್ ಮಿಕ್ಸರಿನಲ್ಲಿ ಕೆಂಪು 60, ಹಸಿರು 30, ನೀಲಿ 10 ಮಾಡಿ. ರವಿಕೆ 132, ತೋಟ 45. ಆಕೆ ಎದ್ದು ಬಂದಳು. ಮೋನೋಕ್ರೋಮ್ ಮೋಡಿನಲ್ಲಿ ತೆಗೆದಿದ್ದರೆ ಈ ದಾರಿಯೇ ಮುಚ್ಚಿರುತ್ತದೆ, ಯಾಕೆಂದರೆ ಯಾವ ಬೂದು ಯಾವ ಬಣ್ಣದಿಂದ ಬಂತು ಎಂಬ ಲೆಕ್ಕ ಫೈಲಿನಲ್ಲಿ ಉಳಿದಿರುವುದಿಲ್ಲ. ಕಪ್ಪು ಚರ್ಮದ ಮುಖಕ್ಕಂತೂ ಇದು ಬಹಳ ಮುಖ್ಯ. ಕೆಂಪು ಚಾನೆಲ್ ಹೆಚ್ಚಿಸಿದರೆ ಚರ್ಮಕ್ಕೆ ಬೆಳಕು ಬರುತ್ತದೆ. ಅತಿಯಾದರೆ ತುಟಿ ಮಾಯವಾಗಿ ಮುಖ ಮೇಣದ ಗೊಂಬೆಯಾಗುತ್ತದೆ.

ಹಾಗಾಗಿ ಬೆಳಕು-ನೆರಳಿನ ವಿವರ ಹೆಚ್ಚು ಉಳಿಸುವ ಲಾಗ್ ಪ್ರೊಫೈಲಿನಲ್ಲಿ, 10 ಬಿಟ್ (ಛಾಯೆಗಳ ಮೆಟ್ಟಿಲು ಹೆಚ್ಚು), 4:2:2ರಲ್ಲಿ (ಬಣ್ಣದ ಮಾಹಿತಿ ಹೆಚ್ಚು) ತೆಗೆಯಿರಿ. ನಿಮ್ಮ ಕ್ಯಾಮೆರಾ 8 ಬಿಟ್, 4:2:0 ಮಾತ್ರ ಕೊಡುವುದಾದರೆ 6 ದಿನಕ್ಕೆ ಬೇರೆಯದನ್ನು ಬಾಡಿಗೆಗೆ ತನ್ನಿ. 4:2:0ರಲ್ಲಿ ಬಣ್ಣದ ಮಾಹಿತಿ ಕಾಲುಭಾಗಕ್ಕೆ ಇಳಿದಿರುತ್ತದೆ. ಮಿಕ್ಸರ್ ತಿರುಗಿಸಿದೊಡನೆ ಅಂಚುಗಳಲ್ಲಿ ಚೌಕ ಚೌಕ ಏಳುತ್ತದೆ, ಆಕಾಶ ಪಟ್ಟೆಪಟ್ಟೆಯಾಗುತ್ತದೆ. ನೀಲಿ ಚಾನೆಲನ್ನು ಹೆಚ್ಚು ಮುಟ್ಟಬೇಡಿ, ನಾಯ್ಸ್ (ಚಿತ್ರದಲ್ಲಿ ಕುಣಿಯುವ ಚುಕ್ಕೆಗಳು) ಎಲ್ಲಾ ಅಲ್ಲೇ ಮನೆಮಾಡಿರುತ್ತದೆ. ಸೆಟ್ಟಿನಲ್ಲಿ ಮಾನಿಟರ್ ಮಾತ್ರ ಕಪ್ಪು-ಬಿಳುಪಿನಲ್ಲಿರಲಿ, ಎಲ್ಲರೂ ಅದನ್ನೇ ನೋಡಲಿ. ಬಟ್ಟೆ, ಗೋಡೆ, ಪಾತ್ರೆಗಳನ್ನು ವಾರ ಮೊದಲೇ ಮೊಬೈಲಿನ ಕಪ್ಪು-ಬಿಳುಪಿನಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಅರ್ಧ ತಾಪತ್ರಯ ಅಲ್ಲೇ ಮುಗಿಯುತ್ತದೆ.

ಈಗ ನಿಮಗೆ ಖುಷಿಯಾಗುವ ಸಂಗತಿ. ‘ರೋಮಾ’ದಲ್ಲಿ ಹತ್ತಿರದ ಮುಖವೂ ಅಂಗಳದಾಚೆಯ ಗೇಟೂ ಒಟ್ಟಿಗೆ ಸ್ಪಷ್ಟವಾಗಿ ಕಾಣುತ್ತವಲ್ಲ, ಅದನ್ನು ಸಾಧಿಸಲು ನಿಮ್ಮ ಸಣ್ಣ ಸೆನ್ಸರೇ ಅನುಕೂಲ. ಅಲೆಕ್ಸಾ 65ರ ಸೆನ್ಸರ್ 54 ಎಂಎಂಗೂ ಅಗಲ, ನಿಮ್ಮದು 23.5 ಎಂಎಂ ಆಸುಪಾಸು. ನಿಮ್ಮ 18 ಎಂಎಂ ಲೆನ್ಸ್ ನೋಡುವಷ್ಟೇ ಅಗಲವನ್ನು ನೋಡಲು ಅದಕ್ಕೆ 41 ಎಂಎಂ ಬೇಕು. ಎಫ್ ಅಂಕೆ ಹೆಚ್ಚಾದಷ್ಟೂ ಲೆನ್ಸಿನ ಕಿಂಡಿ ಕಿರಿದು, ಫೋಕಸ್ಸಿನ ಆಳ ಹೆಚ್ಚು. ನೀವು ಎಫ್/5.6ರಲ್ಲಿ ಪಡೆಯುವ ಆಳ ಅದಕ್ಕೆ ಸಿಗಬೇಕಾದರೆ ಎಫ್/13ರ ಹತ್ತಿರ ಹೋಗಬೇಕು. ಅಂದರೆ ಐದು ಪಟ್ಟಿಗೂ ಹೆಚ್ಚು ಬೆಳಕು. ನೀವು 18 ಎಂಎಂ, ಎಫ್/5.6 ಇಟ್ಟು ಫೋಕಸ್ಸನ್ನು 3 ಮೀಟರಿಗೆ ನಿಲ್ಲಿಸಿ: ಒಂದೂವರೆ ಮೀಟರಿನಿಂದ ಆಚೆಯದೆಲ್ಲ ಸ್ಪಷ್ಟ. 24 ಎಂಎಂ ಆದರೆ ಎಫ್/8, ಫೋಕಸ್ 3.8 ಮೀಟರಿಗೆ, 1.9 ಮೀಟರಿನಿಂದ ಆಚೆಗೆ ಸ್ಪಷ್ಟ. ದೊಡ್ಡ ಪರದೆಗೆ ಹೋಗುವುದಿದ್ದರೆ ಕಿಂಡಿಯನ್ನು ಇನ್ನೊಂದು ಸ್ಟಾಪ್ ಮುಚ್ಚಿ (ಎಫ್/5.6 ಇದ್ದದ್ದು ಎಫ್/8). ತೊಂದರೆ ಬೆಳಕಿನದು. ಹಳೇ ಮನೆಯ ಜಗಲಿ ದಾಟಿ ಒಳಕೋಣೆಗೆ ಬಂದರೆ ಕ್ಯಾಮೆರಾದ ಬೆಳಕಿನ ಸಂವೇದನೆಯನ್ನು ಐಎಸ್ಒ 1600ಕ್ಕೆ ಏರಿಸಿದರೂ ಎಫ್/5.6 ಸಾಕಾಗದೆ ಹೋಗಬಹುದು. ಕಿಟಕಿಯಾಚೆಯಿಂದ ಒಂದು ಬಲವಾದ ಎಲ್‌ಇಡಿಯನ್ನು ಬಿಳಿ ಬಟ್ಟೆಗೆ ಹಾಯಿಸಿ ಒಳಗೆ ಬಿಡಿ, ಇಲ್ಲವೇ ಒಳಗಿನ ದೃಶ್ಯಗಳನ್ನು ಬೆಳಗಿನ 10ರಿಂದ 2ರೊಳಗೆ ಮುಗಿಸಿ. ಹಂಚು ಸರಿಸಿ ಗಾಜಿನ ಹಂಚು ಹಾಕಿಸುವುದೂ ಒಂದು ಉಪಾಯ. ಅಜ್ಜಿ ಒಪ್ಪಬೇಕು, ಅಷ್ಟೇ.

ಶಟರ್ 1/50 ಸೆಕೆಂಡ್ ಇರಲಿ. ಮೆಕ್ಸಿಕೋ ಮತ್ತು ಅಮೆರಿಕದಲ್ಲಿ ವಿದ್ಯುತ್ 60 ಹರ್ಟ್ಸ್, ನಮ್ಮಲ್ಲಿ 50. ಅಲ್ಲಿಯವರ ಪಾಠ ನೋಡಿ 1/60 ಇಟ್ಟರೆ ಟ್ಯೂಬ್‌ಲೈಟಿನ ಕೋಣೆ ಮಿಣುಕುತ್ತದೆ. ಎಡಿಟಿಂಗಿನಲ್ಲಿ ಅದನ್ನು ತೆಗೆಯುವುದು ನರಕ.

‘ರೋಮಾ’ದ ಕ್ಯಾಮೆರಾ ಬಹುಪಾಲು ಒಂದು ಕಡೆ ನಿಂತು ನಿಧಾನ ತಿರುಗುತ್ತದೆ, ಇಲ್ಲವೇ ಪಕ್ಕಕ್ಕೆ ಸರಿಯುತ್ತದೆ. ಯಾರ ಹಿಂದೆಯೂ ಓಡುವುದಿಲ್ಲ. ರಾತ್ರಿ ಮನೆಗೆಲಸದ ಕ್ಲಿಯೋ, ಅಂದರೆ ಚಿತ್ರದ ನಾಯಕಿ, ಒಂದೊಂದೇ ದೀಪ ಆರಿಸುತ್ತ ಹೋಗುವಾಗ ಕ್ಯಾಮೆರಾ ಮನೆಯನ್ನು ಸುತ್ತಿ ನೋಡುತ್ತದಲ್ಲ, ಅದನ್ನು ನೀವೂ ಪ್ರಯತ್ನಿಸುತ್ತೀರಿ, ಅನುಮಾನವಿಲ್ಲ. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆಯುವಾಗ ಬೇಗ ತಿರುಗಿಸಿದರೆ ಗೋಡೆಯ ಗೆರೆಗಳು ಜರ್ಕು ಹೊಡೆಯುತ್ತವೆ. ಒಂದು ವಸ್ತು ಚೌಕಟ್ಟಿನ ಈ ಅಂಚಿನಿಂದ ಆ ಅಂಚಿಗೆ ಹೋಗಲು ಕನಿಷ್ಠ 7 ಸೆಕೆಂಡು ಬೇಕು. 24 ಎಂಎಂ ಲೆನ್ಸಿನಲ್ಲಿ ಅದು ಸೆಕೆಂಡಿಗೆ ಏಳೂವರೆ ಡಿಗ್ರಿ. ಅರ್ಧ ಸುತ್ತಿಗೆ 24 ಸೆಕೆಂಡ್, ಪೂರ್ತಿ ಸುತ್ತಿಗೆ 48. ನಿಮ್ಮ 18 ನಿಮಿಷದಲ್ಲಿ ಅಂಥ ಎಷ್ಟು ಶಾಟ್ ಹಿಡಿಸುತ್ತವೆ, ಈಗಲೇ ಎಣಿಸಿಕೊಳ್ಳಿ. ಟ್ರೈಪಾಡಿನ ತಲೆ ಜರ್ಕಿಲ್ಲದೆ ತಿರುಗುವ ಒಳ್ಳೆಯ ಫ್ಲೂಯಿಡ್ ಹೆಡ್ ಆಗಿರಲಿ. ಲೆನ್ಸಿಗೆ ಸುರಿಯುವ ಬಾಡಿಗೆಯಲ್ಲಿ ಅರ್ಧ ಇದಕ್ಕೆ ಕೊಡಿ. ಹಾಗಂತ ಹತ್ತಿರದ ಶಾಟ್ ಬೇಡವೆಂದಲ್ಲ. ಅಪ್ಪ ದೊಡ್ಡ ಫೋರ್ಡ್ ಗ್ಯಾಲಕ್ಸಿಯನ್ನು ಇಕ್ಕಟ್ಟಿನ ಗ್ಯಾರೇಜಿಗೆ ನುಗ್ಗಿಸುವ ದೃಶ್ಯ ನೆನಪಿಸಿಕೊಳ್ಳಿ. ಸ್ಟೀರಿಂಗಿನ ಮೇಲೆ ಸಿಗರೇಟು ಹಿಡಿದ ಕೈ, ಗೋಡೆಗೆ ಸವರುವ ಕನ್ನಡಿ, ನಾಯಿಯ ಹೇಲಿನ ಮೇಲೆ ಹರಿವ ಚಕ್ರ. ಮುಖ ಕಾಣುವ ಮೊದಲೇ ಈ ಗಂಡಸಿಗೂ ಈ ಮನೆಗೂ ಅಳತೆ ಹೊಂದುವುದಿಲ್ಲ ಎಂದು ಗೊತ್ತಾಗಿಬಿಡುತ್ತದೆ. ಆ ಚಿತ್ರ ಹತ್ತಿರ ಹೋಗುವುದು ಅಪರೂಪ, ಅದಕ್ಕೇ ಹೋದಾಗ ತಟ್ಟುತ್ತದೆ.

ಸೌಂಡಿಗೆ ಖರ್ಚಿಲ್ಲ ಎಂಬುದು ನಿಮ್ಮ ಚಿತ್ರವನ್ನು ಕೆಡಿಸಬಲ್ಲ ಮಾತು. ‘ರೋಮಾ’ಕ್ಕೆಂದು ರಚಿಸಿದ ಹಿನ್ನೆಲೆ ಸಂಗೀತ ಇಲ್ಲ, ನಿಜ; ರೇಡಿಯೋದ ಹಾಡು, ಬೀದಿಯ ಬ್ಯಾಂಡು ಇಷ್ಟೇ. ಆದರೆ ಶಬ್ದಕ್ಕಾಗಿ ಅದು ಎರಡು ಆಸ್ಕರ್ ನಾಮನಿರ್ದೇಶನ ಪಡೆದ ಚಿತ್ರ: ಸೌಂಡ್ ಎಡಿಟಿಂಗಿಗೆ ಒಂದು, ಮಿಕ್ಸಿಂಗಿಗೆ ಒಂದು. ಸೆರ್ಹಿಯೊ ದೀಯಸ್, ಸ್ಕಿಪ್ ಲೀವ್ಸೇ ಮುಂತಾದವರು ಸುತ್ತಲಿಂದಲೂ ಮೇಲಿಂದಲೂ ಶಬ್ದ ಕೇಳಿಸುವ ಡಾಲ್ಬಿ ಅಟ್ಮಾಸಿನಲ್ಲಿ ಇಡೀ ಬಡಾವಣೆಯನ್ನೇ ಕಟ್ಟಿದ್ದಾರೆ. ಚೂರಿ ಸಾಣೆ ಹಿಡಿಯುವವನ ಕೊಳಲು, ಗೆಣಸು ಮಾರುವ ಗಾಡಿಯ ಸೀಟಿ, ನಾಯಿಗಳು, ವಿಮಾನ. ಕ್ಯಾಮೆರಾ ತಿರುಗಿದಂತೆ ಮಾತೂ ಎಡದಿಂದ ಬಲಕ್ಕೆ, ಬೆನ್ನ ಹಿಂದಕ್ಕೆ ಸರಿಯುತ್ತದೆ. ಟಿವಿಯ ಎರಡು ಸ್ಪೀಕರಿನಲ್ಲಿ ನೋಡಿದವರಿಗೆ ‘ಏನೂ ನಡೆಯುವುದಿಲ್ಲ’ ಅನ್ನಿಸುವುದು ಇದರಿಂದಲೇ. ನಾಲ್ಕನೆಯ ಸಲ ಹೆಡ್‌ಫೋನ್ ಹಾಕಿ ನೋಡಿ. ಸಂಗೀತವಿಲ್ಲದ ಚಿತ್ರದಲ್ಲಿ ಕೆಟ್ಟ ಶಬ್ದವನ್ನು ಮುಚ್ಚಲು ಕಂಬಳಿಯೇ ಇರುವುದಿಲ್ಲ. ಎರಡೂವರೆ ಲಕ್ಷದಲ್ಲಿ 40ರಿಂದ 50 ಸಾವಿರ ಸೌಂಡ್ ರೆಕಾರ್ಡಿಸ್ಟಿಗೂ ಮಿಕ್ಸಿಂಗಿಗೂ ಎತ್ತಿಡಿ. ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಬಾಯಿ ಮುಚ್ಚಿಸಿ 60 ಸೆಕೆಂಡು ಕೋಣೆಯ ಮೌನವನ್ನೇ ರೆಕಾರ್ಡ್ ಮಾಡಿ. ಫ್ರಿಜ್ ಆಫ್ ಮಾಡಿಸಿ, ಮರಳಿ ಆನ್ ಮಾಡಲು ಮರೆಯದಂತೆ ಯಾರದಾದರೂ ಗಾಡಿಯ ಕೀ ಅದರೊಳಗಿಡಿ. ಸಂಜೆಯ ಜೀರುಂಡೆ, ಹಂಚಿನ ಮೇಲೆ ಬೀಳುವ ಮಳೆ, ಬಾವಿಯ ರಾಟೆ, ಮೀನು ಮಾರುವವನ ಹಾರನ್ ಇವನ್ನೆಲ್ಲ ಬೇರೆಯಾಗಿ ತೆಗೆದಿಟ್ಟುಕೊಳ್ಳಿ. ಇವೇ ನಿಮ್ಮ ಹಿನ್ನೆಲೆ ಸಂಗೀತ.

ಚಿತ್ರಕಥೆ ಇರಲಿಲ್ಲ ಎಂಬುದೂ ಸುಳ್ಳು. ಮೂಲ ಚಿತ್ರಕಥೆಯ ಆಸ್ಕರಿಗೆ ಅದರ ಹೆಸರು ಹೋಗಿತ್ತು, ಬರೆದವರು ಕ್ವಾರೋನ್. ನಡೆದದ್ದೇನೆಂದರೆ, ಪೂರ್ತಿ ಚಿತ್ರಕಥೆಯನ್ನು ನಟರ ಕೈಗೆ ಕೊಡಲಿಲ್ಲ. ಕಥೆಯ ಅನುಕ್ರಮದಲ್ಲೇ ಶೂಟ್ ಮಾಡಿದರು, ಆಯಾ ದಿನದ ಮಾತನ್ನು ಆಯಾ ದಿನವೇ ಕೊಟ್ಟರು, ಒಮ್ಮೊಮ್ಮೆ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಸೂಚನೆ. ಕ್ಲಿಯೋ ಪಾತ್ರದ ಯಾಲಿಟ್ಸಾ ಅಪರಿಸಿಯೊ ವಹಾಕಾ ರಾಜ್ಯದ ತ್ಲಾಹಿಯಾಕೊದವರು, ಶಿಶುವಿಹಾರದ ಶಿಕ್ಷಕಿಯಾಗಲು ಓದಿದ್ದವರು, ಅಲ್ಲಿಯವರೆಗೆ ನಟಿಸಿದವರಲ್ಲ. ಯಜಮಾನಿ ಸೋಫಿಯಾ ಪಾತ್ರದ ಮರೀನಾ ದೆ ತವೀರಾ ಪಳಗಿದ ರಂಗನಟಿ. ಇಬ್ಬರಿಗೂ ಒಂದೇ ನಿಯಮ. ಹೆರಿಗೆಯ ದೃಶ್ಯದಲ್ಲಿ ನಿಜವಾದ ವೈದ್ಯರು, ದಾದಿಯರೇ ಇದ್ದರು. ಮಗು ಸತ್ತು ಹುಟ್ಟುತ್ತದೆಂಬುದು ಅಪರಿಸಿಯೊ ಅವರಿಗೆ ಮೊದಲು ತಿಳಿದಿರಲಿಲ್ಲ.

ಇದರಲ್ಲಿ ನಿಮಗೆ ದಕ್ಕುವುದು ಅನುಕ್ರಮ. ಒಂದೇ ಮನೆ, 6 ದಿನ. ಕಥೆಯ ಕ್ರಮದಲ್ಲೇ ತೆಗೆಯಬಹುದು. ಹೊಸ ನಟರಿಗೆ ಅದು ದೊಡ್ಡ ಊರುಗೋಲು. ಬೆಲೆ ಏನೆಂದರೆ, ಅಡುಗೆಮನೆಗೆ ನಾಲ್ಕು ಸಲ ಬೆಳಕು ಜೋಡಿಸಬೇಕಾಗುತ್ತದೆ. ದಿನಕ್ಕೆ ಒಂದರಿಂದ ಒಂದೂವರೆ ಗಂಟೆ ಅದಕ್ಕೇ ಹೋಗುತ್ತದೆ. ಮಾತುಗಳನ್ನು ಹಿಂದಿನ ರಾತ್ರಿ ಕೊಡುವುದೂ ಸರಿ. ಆದರೆ ಸಾವು, ಹೊಡೆತ, ಅವಮಾನದಂಥದ್ದನ್ನು ಮುಚ್ಚಿಟ್ಟು ನಟರ ಮುಖದಲ್ಲಿ ‘ನಿಜ’ ಹಿಡಿಯುವ ಆಟ ಬೇಡ. ಕ್ವಾರೋನ್ ಅವರಿಗೆ ನೂರಕ್ಕೂ ಹೆಚ್ಚು ದಿನಗಳ ಶೂಟಿಂಗ್ ಇತ್ತು, ನಟಿಯ ನಂಬಿಕೆ ಗಳಿಸಲು ಸಮಯವಿತ್ತು. ಆರು ದಿನದಲ್ಲಿ ನಂಬಿಕೆ ಒಮ್ಮೆ ಒಡೆದರೆ ಏಳನೆಯ ದಿನ ಇಲ್ಲ. ಸಂಗತಿ ಮೊದಲೇ ಹೇಳಿ, ವಿವರ ಮಾತ್ರ ಬಿಟ್ಟುಕೊಡಬೇಡಿ.

ಕ್ಯಾಮೆರಾ ನೀವೇ ಹಿಡಿಯಬೇಕೇ? ಕ್ವಾರೋನ್ ತಮ್ಮ ಹಳೆಯ ಜೊತೆಗಾರ, ಛಾಯಾಗ್ರಾಹಕ ಎಮ್ಯಾನುಯೆಲ್ ಲುಬೆಸ್ಕಿ ಅವರನ್ನೇ ನೆಚ್ಚಿದ್ದರು. ದಿನಾಂಕ ಹೊಂದದೆ ಅವರು ಬಿಟ್ಟುಹೋದ ಮೇಲೆ ಆ ಕೆಲಸ ತಾವೇ ಹೊತ್ತರು. ಗಾಲೋ ಒಲಿವಾರೆಸ್ ಎಂಬ ಛಾಯಾಗ್ರಾಹಕ ಜೊತೆಗಿದ್ದರು. ಕ್ವಾರೋನ್ ಸಿನಿಮಾ ಶಾಲೆಯ ದಿನಗಳಿಂದ ಛಾಯಾಗ್ರಹಣ ಮಾಡಿದವರು. ತಾನೇ ನಿರ್ದೇಶಿಸಿದ ಚಿತ್ರಕ್ಕೆ ಛಾಯಾಗ್ರಹಣದ ಆಸ್ಕರ್ ಪಡೆದ ಮೊದಲಿಗರು. ನಿಮ್ಮ ನಟರು ಹೊಸಬರು, ಅವರಿಗೆ ನಿಮ್ಮ ಕಣ್ಣು ಬೇಕು. ಅದು ಮಾನಿಟರಿಗೆ ಅಂಟಿಕೊಂಡಿದ್ದರೆ ಅವರು ಅನಾಥರು. ಗೆಳೆಯರಲ್ಲೊಬ್ಬರು ಕ್ಯಾಮೆರಾ ಹಿಡಿಯಲಿ, ಚೌಕಟ್ಟು ನೀವು ನಿರ್ಧರಿಸಿ.

ಸಮುದ್ರದ ವಿಷಯಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ನಿಜಕ್ಕೂ ಭಯವಾದದ್ದು ಇಲ್ಲೇ. ‘ರೋಮಾ’ದ ಆ ದೃಶ್ಯ ತೆಗೆದದ್ದು ವೆರಾಕ್ರೂಸ್ ರಾಜ್ಯದ ತುಶ್ಪಾನ್ ತೀರದಲ್ಲಿ. ಮರಳಿನಿಂದ ಅಲೆಗಳ ನಡುವಿಗೆ ಕ್ಯಾಮೆರಾ ಪಕ್ಕಪಕ್ಕಕ್ಕೆ ಸರಿದುಹೋಗುತ್ತದಲ್ಲ, ಅದಕ್ಕಾಗಿ ನೀರಿನೊಳಕ್ಕೆ ಕಟ್ಟೆಯನ್ನೇ ಕಟ್ಟಿ ಅದರ ಮೇಲೆ ಕ್ರೇನ್ ಓಡಿಸಿದರು. ನಟಿಗೆ ಈಜು ಬರುತ್ತಿರಲಿಲ್ಲ ಎಂಬುದು ನಿಜವೇ, ಆದರೆ ಸುತ್ತ ಇದ್ದ ವ್ಯವಸ್ಥೆ ಚೌಕಟ್ಟಿನೊಳಗೆ ಕಾಣುವುದಿಲ್ಲ. ನಾಲ್ವರು ಗೆಳೆಯರು ಸೋಮೇಶ್ವರಕ್ಕೆ ಹೋಗಿ ಅದನ್ನು ಮಾಡುವುದೆಂದರೆ ಹೆಣ ತರುವ ಕೆಲಸ. ಅಲ್ಲಿ ಬಂಡೆಗಳ ಬಳಿ ಸೆಳೆತ ಜೋರು; ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯಾವ ಕಡಲತೀರವೂ ಬೇಡ.

ನಿಮಗಿರುವ ದಾರಿ ಮೂರು. ಒಂದು, ಡಿಸೆಂಬರ್-ಜನವರಿಯಲ್ಲಿ, ಜೀವರಕ್ಷಕರಿರುವ ಇಳಿಜಾರು ಕಡಿಮೆಯ ತೀರದಲ್ಲಿ, ಮೊಣಕಾಲು ಮಟ್ಟದ ನೀರಿನಲ್ಲಿ ತೆಗೆಯುವುದು. ಕ್ಯಾಮೆರಾ ಮರಳಿಗೆ ತಾಗುವಷ್ಟು ಕೆಳಗಿರಲಿ, ಲೆನ್ಸ್ 50ರಿಂದ 85 ಎಂಎಂ. ನಟಿ ನೀರಿನಲ್ಲಿ ಮೊಣಕಾಲೂರಿದರೆ ಎದುರಿನ ಅಲೆ ಎದೆಮಟ್ಟಕ್ಕೆ ಬಂದಂತೆ ಕಾಣುತ್ತದೆ. ನಟಿಯ ಸೊಂಟಕ್ಕೆ ಬಟ್ಟೆಯೊಳಗೆ ಹಗ್ಗ, ಅದರ ತುದಿ ಈಜುಬಲ್ಲವರ ಕೈಯಲ್ಲಿ, ಇನ್ನಿಬ್ಬರು ಈಜುಗಾರರು ಚೌಕಟ್ಟಿನಾಚೆ. ಮಕ್ಕಳನ್ನು ನೀರಿಗಿಳಿಸಲೇಬೇಡಿ. ಎರಡು, ಕ್ಯಾಮೆರಾ ದಡದಲ್ಲಿ ನಟಿಯ ಬೆನ್ನ ಹಿಂದೆಯೇ ನಿಲ್ಲಲಿ. ನೀರಿನಲ್ಲಿ ನಡೆಯುವುದೆಲ್ಲ ಶಬ್ದದಲ್ಲಿ ಕೇಳಲಿ. ಖರ್ಚೂ ಇಲ್ಲ, ಅಪಾಯವೂ ಇಲ್ಲ, ಸೌಂಡ್ ಚೆನ್ನಾಗಿದ್ದರೆ ನಡುಕ ಹುಟ್ಟಿಸುತ್ತದೆ. ಮೂರು, ಸಮುದ್ರವನ್ನೇ ಬಿಡುವುದು. ಕ್ಲಿಯೋ ನೀರಿಗಿಳಿಯುವುದು ಮಕ್ಕಳನ್ನು ಎಳೆತರಲು, ಆದರೆ ದಡಕ್ಕೆ ಬಂದ ಮೇಲೆ ಬಾಯಿಂದ ಹೊರಬೀಳುವುದು ಸತ್ತುಹುಟ್ಟಿದ ತನ್ನ ಮಗುವಿನ ಮಾತು: ಅದು ನನಗೆ ಬೇಡವಾಗಿತ್ತು ಎಂಬ ಒಪ್ಪಿಗೆ. ಅಲೆಯ ಕೆಲಸ ಆ ಮಾತನ್ನು ಹೊರಡಿಸುವುದು. ನಿಮ್ಮ ಹೆಂಗಸಿನ ಬಾಯಿಂದ ಮಾತು ಹೊರಡುವ ಜಾಗ ಬಾವಿಕಟ್ಟೆಯೂ ಆಗಿರಬಹುದು. ಪುತ್ತೂರಿನ ಕಥೆಯಲ್ಲಿ ಕಡಲು ಬಂದದ್ದು ‘ರೋಮಾ’ದಿಂದಲೇ ಎಂಬುದು ನಿಮಗೂ ಗೊತ್ತಿರಬೇಕು. ನನ್ನ ಓಟು ಮೂರನೆಯದಕ್ಕೆ.

ಆ ಹೆಂಗಸು ಈಗ ಇದ್ದಾರೋ ಇಲ್ಲವೋ ನೀವು ಬರೆದಿಲ್ಲ. ಕ್ವಾರೋನ್ ತಮ್ಮನ್ನು ಸಾಕಿದ ಲೀಬೊ, ಅಂದರೆ ಲಿಬೋರಿಯಾ ರೋಡ್ರಿಗೆಸ್ ಅವರನ್ನು ಕೂರಿಸಿಕೊಂಡು ಕೇಳಿ ಕೇಳಿ ಬರೆದರು. ಚಿತ್ರ ಅವರಿಗೇ ಅರ್ಪಣೆ. ಹಾಗಿದ್ದೂ, ಕ್ಲಿಯೋ ತನ್ನ ಬಗ್ಗೆ ಮಾತಾಡುವುದೇ ಕಡಿಮೆ, ಇದು ಯಜಮಾನರ ಮನೆಯ ಮಗನ ಕಣ್ಣು ಎಂದು ಕೆಲವು ವಿಮರ್ಶಕರು ಆಕ್ಷೇಪಿಸಿದರು. ನಿಮಗೂ ಅದೇ ಪ್ರಶ್ನೆ ಬರುತ್ತದೆ. ಆಕೆ ಇದ್ದರೆ ಚಿತ್ರಕಥೆಯನ್ನು ತುಳುವಿನಲ್ಲಿ ಓದಿ ಹೇಳಿ, ಬೇಡವೆಂದದ್ದನ್ನು ತೆಗೆಯಿರಿ, ಸಂಭಾವನೆ ಕೊಡಿ. ಮನೆಯವರು ಯಾರೂ ಇಲ್ಲದಾಗ ಆಕೆ ತುಳುವಿನಲ್ಲಿ ಯಾರೊಡನೆ, ಏನು ಮಾತಾಡುತ್ತಿದ್ದಳು ಎಂಬುದು ನಿಮಗೆ ಗೊತ್ತಿಲ್ಲದಿದ್ದರೆ ಕೇಳಿ ತಿಳಿದುಕೊಳ್ಳಿ. ‘ರೋಮಾ’ದಲ್ಲಿ ಕ್ಲಿಯೋ ಮತ್ತು ಅದೇ ಮನೆಯ ಇನ್ನೊಬ್ಬ ಕೆಲಸದಾಕೆ ಅಡೆಲಾ, ಮೆಕ್ಸಿಕೋದ ಮೂಲನಿವಾಸಿಗಳ ಮಿಶ್ಟೆಕ್ ಭಾಷೆಯಲ್ಲಿ ಹರಟುವಾಗಲೇ ಮನೆಯ ನಿಜವಾದ ಸುದ್ದಿ ಹೊರಬರುವುದು. ಅಪರಿಸಿಯೊ ಅವರಿಗೆ ಆ ಭಾಷೆ ಬರುತ್ತಿರಲಿಲ್ಲ. ಅಡೆಲಾ ಪಾತ್ರದ ನಾನ್ಸಿ ಗಾರ್ಸಿಯಾ ಗಾರ್ಸಿಯಾ ನಿಜ ಬದುಕಿನಲ್ಲೂ ಗೆಳತಿ, ಕಲಿಸಿದ್ದು ಅವರೇ. ನಿಮ್ಮ ನಟಿಗೆ ತುಳು ಬಾರದಿದ್ದರೆ ಡಬ್ಬಿಂಗ್ ಮಾಡಿಸಬೇಡಿ, ಎರಡು ತಿಂಗಳು ಕಲಿಸಿ.

ಸಬ್‌ಟೈಟಲಿಗೆ ಇದೇ ಚಿತ್ರದಿಂದ ಒಂದು ಎಚ್ಚರಿಕೆ. 2019ರ ಜನವರಿಯಲ್ಲಿ ಸ್ಪೇನಿನ ನೋಡುಗರಿಗೆಂದು ಮೆಕ್ಸಿಕೋದ ಸ್ಪ್ಯಾನಿಷ್ ಮಾತಿಗೆ ಸ್ಪೇನಿನ ಸ್ಪ್ಯಾನಿಷಿನಲ್ಲಿ ಸಬ್‌ಟೈಟಲ್ ಹಾಕಿದ್ದರು. ಬಾಯಲ್ಲಿ ‘ಮಮಾ’, ಕೆಳಗೆ ‘ಮಾದ್ರೆ’. ‘ಗಾನ್ಸಿತೊ’ ಮೆಕ್ಸಿಕೋದ ಮಕ್ಕಳೆಲ್ಲ ಬಲ್ಲ ಕೇಕು. ಕೆಳಗೆ ಬಂದದ್ದು ‘ಗಾಂಚಿತೊಸ್’, ಸ್ಪೇನಿನ ಕುರುಕಲು. ಕ್ವಾರೋನ್ ಸಿಟ್ಟಾಗಿ ಇದು ಅವಮಾನ ಎಂದರು, ನೆಟ್‌ಫ್ಲಿಕ್ಸ್ ಅದನ್ನು ತೆಗೆಯಿತು. ಆದ್ದರಿಂದ ‘ಅಪ್ಪೆ’ ಎಂದದ್ದನ್ನು ಕೆಳಗೆ ‘ಅಮ್ಮ’ ಎನ್ನಬಹುದು, ‘ತಾಯಿ’ ಎನ್ನಬೇಡಿ. ಗೋಳಿಬಜೆ ಗೋಳಿಬಜೆಯೇ, ಬೆಂಗಳೂರಿನವರಿಗೆಂದು ಬೋಂಡಾ ಮಾಡಬೇಡಿ. ತುಳುವಿನ ಸಾಲುಗಳನ್ನು ಚೌಕ ಆವರಣದಲ್ಲಿಡಿ. ಎರಡೂ ಭಾಷೆ ಬಾರದ ಹೊರಗಿನವರಿಗೆ ಇಂಗ್ಲಿಷ್ ಸಬ್‌ಟೈಟಲಿನಲ್ಲೂ ಭಾಷೆ ಬದಲಾದದ್ದು ಕಾಣಬೇಕು. ಒಮ್ಮೆಗೆ ಎರಡೇ ಸಾಲು, ಕನಿಷ್ಠ ಒಂದು ಸೆಕೆಂಡು, ಏಳು ದಾಟದಂತೆ. ಅಕ್ಷರ ಅಚ್ಚ ಬಿಳಿಯಾದರೆ ಬಿಳಿ ಸೀರೆಯ ಮೇಲೆ ಓದಲಾಗುವುದಿಲ್ಲ, ಕಪ್ಪು-ಬಿಳುಪು ಚಿತ್ರದಲ್ಲಿ ಇದು ಮಾಮೂಲಿ ಎಡವಟ್ಟು. ತೆಳು ಕಪ್ಪು ಅಂಚು ಕೊಡಿ. ಅಥವಾ ಇಡೀ ಚಿತ್ರದಲ್ಲಿ ಬಣ್ಣವೆಂಬುದು ಸಬ್‌ಟೈಟಲಿಗೆ ಮಾತ್ರ ಎಂದು ಮಾಸಲು ಹಳದಿ ಹಾಕಿ. ಯಾರಾದರೂ ಮೂಗು ಮುರಿದರೆ ಓದಲು ಬಂತೋ ಇಲ್ಲವೋ ಕೇಳಿ.